ಇನ್ನೂರ ಹನ್ನೆರಡನೇ ಪುಟ

ಅತ್ತೆಯ ಬೆಡ್‌ಶೀಟು ದಪ್ಪ, ಒಬ್ಬರ ಕೈಗೆ ಬಗ್ಗುವುದಿಲ್ಲ. ಹಿತ್ತಿಲಿನ ಒಗೆಯುವ ಕಲ್ಲಿನ ಬಳಿ ಅವಳು ಒಂದು ತುದಿ, ಮಗಳು ಇನ್ನೊಂದು ತುದಿ ಹಿಡಿದು ಎದುರುಬದುರು ನಿಂತು ಹಿಂಡುತ್ತಿದ್ದರು. ನೀರು ಮೊದಲು ಧಾರೆಯಾಗಿ ಇಳಿದು ಆಮೇಲೆ ಹನಿಯಾಯಿತು. ಇನ್ನೊಂದೇ ಸುತ್ತು ಸಾಕು ಎನ್ನುವಾಗ ಮಗಳು ಕೈ ಬಿಟ್ಟಳು. ತಿರುಚಿದ್ದ ಬಟ್ಟೆ ಬಿಚ್ಚಿಕೊಳ್ಳುತ್ತ ಹೋಗಿ ಸಿಮೆಂಟಿನ ಮೇಲೆ ಬಿತ್ತು. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವಷ್ಟು ಕಸುವೂ ಬೆಳಗಿನ ಆರೂವರೆಗೇ ಮುಗಿದಿತ್ತು. ಮಗಳು ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತ, ಅಮ್ಮನ ಮುಖ ನೋಡುತ್ತ ನಿಂತಿದ್ದಳು.

"ಅಮ್ಮ."

"ಏನೇ?"

"ಏನಿಲ್ಲ."

ಒಳಗಿನಿಂದ ಅತ್ತೆಯ ದನಿ ಬಂತು. "ಏನದು ದೊಪ್ಪಂತ ಬಿದ್ದಿದ್ದು?"

"ನಿಮ್ಮ ಬೆಡ್‌ಶೀಟು ಅತ್ತೆ. ಒಂದು ಸ್ನಾನ ಸಾಲ್ದು ಅಂತು."

ಅತ್ತೆ ನಕ್ಕಿದ್ದು ಕೇಳಿಸಿತು. ನಗು ಕೆಮ್ಮಾಗಿ ನಿಂತಿತು. ಅವಳು ಬಟ್ಟೆಯನ್ನು ಎತ್ತಿ ಮತ್ತೆ ಬಕೆಟ್ಟಿಗೆ ಹಾಕಿ ನಲ್ಲಿ ತಿರುಗಿಸಿದಳು. ನೀರು ತುಂಬುವುದನ್ನು ನೋಡುತ್ತ ಲೆಕ್ಕ ಹಾಕಿದಳು: ಇದು ಮೂರನೇ ದಿನ. ಮೂರು ದಿನದಿಂದ ಮಗಳು ಹೀಗೆ "ಅಮ್ಮ" ಎಂದು ಕರೆದು, ಅವಳು ತಿರುಗಿದ ಕೂಡಲೇ "ಏನಿಲ್ಲ" ಎನ್ನುತ್ತಿದ್ದಾಳೆ. ಮಾತು ಬಂದ ದಿನದಿಂದ ಪ್ರಶ್ನೆ ಕೇಳುತ್ತಲೇ ಬೆಳೆದ ಮಗು. ಇರುವೆಗಳಿಗೆ ದಾರಿ ಯಾರು ಹೇಳಿಕೊಡುತ್ತಾರೆ, ಸತ್ತವರ ಹಲ್ಲಿಗೂ ನೋವಾಗುತ್ತಾ, ಅಪ್ಪ ಯಾಕೆ ಅಜ್ಜಿಯ ಎದುರಿಗೆ ಮಾತ್ರ ಮೆಲ್ಲಗೆ ಮಾತಾಡೋದು. ಅದಕ್ಕೇ ಅತ್ತೆ ಅವಳಿಗೆ ಲಾಯರಮ್ಮ ಎಂದು ಹೆಸರಿಟ್ಟಿದ್ದು. ಲಾಯರಮ್ಮ ಮಾತು ನಿಲ್ಲಿಸಿದ ಮೇಲೆ ಮನೆಯಲ್ಲಿ ಕುಕ್ಕರಿನ ಸದ್ದೂ ಗಡಿಯಾರದ ಸದ್ದೂ ಬೇರೆ ಬೇರೆಯಾಗಿ ಕೇಳುತ್ತಿದ್ದವು.

ತಿಂಡಿಯ ಹೊತ್ತಿಗೆ ಮಗಳು ಅತ್ತೆಯ ಮಂಚದ ಅಂಚಿನಲ್ಲಿ ಕೂತು ಅವರಿಗೆ ಚಮಚದಲ್ಲಿ ತಿನ್ನಿಸುತ್ತಿದ್ದಳು. ಲಕ್ವ ಹೊಡೆದು ಅತ್ತೆಯ ಬಲಗೈ ಬಿದ್ದುಹೋಗಿ ನಾಲ್ಕು ವರ್ಷವಾಯಿತು. ಎದುರಿನ ಗೋಡೆಯಲ್ಲಿ ಅತ್ತೆಯ ಅಪ್ಪ, ಎಲ್ಲರೂ ಮೇಷ್ಟ್ರು ತಾತ ಎನ್ನುವವರು, ಕಪ್ಪು ಚೌಕಟ್ಟಿನೊಳಗಿಂದ ನೋಡುತ್ತಿದ್ದರು. ಮುದಿತನದಲ್ಲಿ ತೆಗೆಸಿದ ಫೋಟೋ. ಕನ್ನಡಕದ ಗಾಜಿನಲ್ಲಿ ಸ್ಟುಡಿಯೋದ ದೀಪ ಮಿಂಚಿ ಒಂದು ಕಣ್ಣು ಕಾಣುವುದಿಲ್ಲ. ಮಗಳ ತೊಡೆಯ ಮೇಲೆ ಇತಿಹಾಸದ ಟೀಚರು ಕೊಟ್ಟ ಹಾಳೆ ಇತ್ತು. ಅದರಲ್ಲಿ ಎರಡು ಕಾಲಮು: ಏನು ಗೊತ್ತಾಯಿತು, ಎಲ್ಲಿ ಗೊತ್ತಾಯಿತು. ಸ್ವಾತಂತ್ರ್ಯ ಹೋರಾಟದ ಪಾಠಕ್ಕೆ ಈ ವರ್ಷ ಪುಸ್ತಕವಿಲ್ಲ, ಮಕ್ಕಳೇ ಕಂಪ್ಯೂಟರಿನಲ್ಲಿ ಹುಡುಕಬೇಕು ಎಂದಿದ್ದರು ಟೀಚರು. ದೊಡ್ಡವರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನೀವು ಯಾರೂ ಬರೆಯದವರನ್ನು ಹುಡುಕಿ. ಆರನೇ ತರಗತಿಯ ಪಾಲಿಗೆ ಬಂದ ಹೆಸರಿಲ್ಲದ ಮನುಷ್ಯ ಅವರ ಶಾಲೆಯ ಜವಾನ. ಪರದೇಶಿ ಸರ್ಕಾರ ಗುಂಪು ಸೇರಬಾರದು ಎಂದು ಹುಕುಂ ಹೊರಡಿಸಿದ್ದ ದಿನ ಶಾಲೆಯ ಗಂಟೆ ಬಾರಿಸಿ ಊರನ್ನೆಲ್ಲ ಬೀದಿಗೆ ಕರೆದವನು. ಗಂಟೆ ಈಗಲೂ ಇದೆ, ಬಾರಿಸಿದವನ ಹೆಸರು ಯಾರಿಗೂ ಗೊತ್ತಿಲ್ಲ. ಅವನು ಆಮೇಲೆ ಏನಾದ ಎನ್ನುವುದೇ ಮಕ್ಕಳಿಗೆ ಕೊಟ್ಟ ಪ್ರಶ್ನೆ.

"ಪೆನ್ಸಿಲ್ ತಗೊಳ್ಳೇ ಲಾಯರಮ್ಮ," ಎಂದರು ಅತ್ತೆ, ಬಾಯಲ್ಲಿ ತುತ್ತಿಟ್ಟುಕೊಂಡೇ. "ಜವಾನ ಸಿಗದಿದ್ರೆ ಹೋಗ್ಲಿ. ನಮ್ಮಪ್ಪಂದು ಬರ್ಕೊ. ಅದೇ ಶಾಲೇಲಿ ಹತ್ತೊಂಬತ್ತು ವರ್ಷಕ್ಕೇ ಮೇಷ್ಟ್ರು. ಮೂರು ದಿನ ಠಾಣೇಲಿಟ್ಟು ಹೊಡೆದ್ರು. ಒಂದೇ ಒಂದು ಹೆಸರು ಬಾಯಿ ಬಿಡ್ಲಿಲ್ಲ. ಬರೆದ್ಯಾ?"

"ಆಮೇಲೆ ಬರೀತೀನಿ ಅಜ್ಜಿ."

"ಆಮೇಲೆ ಅಂದ್ರೆ? ನಾನಿರ್ತೀನೋ ಇಲ್ವೋ. ಎಲ್ಲಿ ಗೊತ್ತಾಯಿತು ಅನ್ನೋ ಕಡೆ ನನ್ನ ಹೆಸರು ಹಾಕು. ಹೆಬ್ಬೆಟ್ಟು ಬೇಕಾದ್ರೆ ಎಡಗೈದು ಒತ್ತಿಕೊಡ್ತೀನಿ."

ಮಗಳು ನಗಲಿಲ್ಲ. ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದ ಅಮ್ಮನನ್ನು ಒಮ್ಮೆ ನೋಡಿ, ಇನ್ನೊಂದು ಚಮಚ ತುಂಬಿದಳು. ಅಮ್ಮ ಅಡುಗೆಮನೆಗೆ ಹೋಗಿ, ಏಕೆ ಬಂದೆನೆಂದು ಮರೆತು, ತೊಳೆದಿಟ್ಟ ಲೋಟವನ್ನು ಮತ್ತೆ ತೊಳೆದಳು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕತ್ತಿನಲ್ಲಿ ಗುರುತಿನ ಚೀಟಿ ತೂಗುತ್ತಿತ್ತು, ಅದರಲ್ಲಿ ಫೋಟೋಗಿಂತ ದೊಡ್ಡದಾಗಿ ಹದಿನೇಳು ಎಂಬ ಅಂಕಿ. ಮನೆಯಲ್ಲಿ ಅದು ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತದೆ. ಮಗಳು ಅಂಕಿ ಕಲಿತಿದ್ದು ಅದರಿಂದಲೇ. ಒಂದು ಎರಡು ಮೂರಕ್ಕಿಂತ ಮುಂಚೆ ಹದಿನೇಳು ಗೊತ್ತಿತ್ತು ಅದಕ್ಕೆ. ಬೀದಿಯಲ್ಲಿ ಯಾವ ಮನೆಯ ಗೋಡೆಯಲ್ಲಿ ಹದಿನೇಳು ಕಂಡರೂ ಅಮ್ಮಾ ಎಂದು ಕೂಗುತ್ತಿತ್ತು. ಹಳೇ ದಾಖಲೆಗಳ ಕಚೇರಿಯಲ್ಲಿ ಅವರು ಒಟ್ಟು ಇಪ್ಪತ್ತಮೂರು ಜನ. ಕೆಳಗಿನ ಮಹಡಿಯಲ್ಲಿ ಹಳೆಯ ಪುಸ್ತಕಗಳ ಪುಟಗಳನ್ನು ಫೋಟೋ ತೆಗೆಯುತ್ತಾರೆ. ಮೇಲೆ ಇವರು ಒಂದೊಂದೇ ಫೋಟೋ ನೋಡಿ ಅದರಲ್ಲಿರುವ ಹೆಸರು, ಊರು, ತಾರೀಕು, ಸಂಗತಿಯನ್ನು ಟೈಪು ಮಾಡುತ್ತಾರೆ. ಹಾಗೆ ಟೈಪು ಮಾಡಿದ್ದು ಮಾತ್ರ ಜನ ಹುಡುಕಿದಾಗ ಸಿಗುತ್ತದೆ. ಶಾಯಿ ಹಾರಿಹೋದ, ಹುಳ ತಿಂದ ಪುಟಕ್ಕೆ "ಓದಲಾಗದು" ಎಂದು ಒತ್ತಿ ಮುಂದೆ ಹೋಗಬೇಕು. ಆ ಪುಟ ಕಂಪ್ಯೂಟರಿನ ಪುಸ್ತಕದಲ್ಲಿ ಬರೀ ಚಿತ್ರವಾಗಿ ಉಳಿಯುತ್ತದೆ, ಯಾರ ಹುಡುಕಾಟಕ್ಕೂ ಎದ್ದು ಬರುವುದಿಲ್ಲ. ಪುಟದ ಕೆಳಗೆ ಕೆಲಸ ಮಾಡಿದವರ ಸಂಖ್ಯೆ ಇರುತ್ತದೆ. ಹೀಗೆ ಬಿಟ್ಟ ಪುಟವನ್ನು ಇನ್ನೊಬ್ಬರು ನೋಡಿ ಹೌದೆನ್ನಬೇಕು. ಆ ಕೆಲಸಕ್ಕೆ ಕಚೇರಿಯಲ್ಲಿ ಎರಡನೇ ಕಣ್ಣು ಎನ್ನುತ್ತಾರೆ. ಅವಳ ಎರಡನೇ ಕಣ್ಣು ಪಕ್ಕದ ಸೀಟಿನವಳು.

ನಾಲ್ಕು ವರ್ಷದ ಹಿಂದೆ ಅತ್ತೆ ಆಸ್ಪತ್ರೆಯಲ್ಲಿದ್ದರು. ಬೆಳಗ್ಗೆ ಅವರ ತಲೆ ಬಾಚಿ, ಸೊಟ್ಟಗಾದ ಬಾಯಿಗೆ ಗಂಜಿ ಹಾಕಿ, ಕಚೇರಿಗೆ ಬಂದು ಕೂತರೆ ಅಕ್ಷರಗಳು ಈಜುತ್ತಿದ್ದವು. ಠಾಣೆಯ ದಿನಚರಿಯ ಪುಸ್ತಕ ಅದು, ಇನ್ನೂರ ಹನ್ನೆರಡನೇ ಪುಟ. ಹಳೆಯ ಓರೆ ಕೈಬರಹ, ಆದರೆ ಮುತ್ತು ಪೋಣಿಸಿದ ಹಾಗೆ ಸ್ಪಷ್ಟ. ಶಾಲೆಯ ಕಿರಿಯ ಮೇಷ್ಟ್ರು, ವಯಸ್ಸು ಹತ್ತೊಂಬತ್ತು, ಮೂರನೇ ದಿನ ಸಂಜೆ ತಾನಾಗಿ ಹೇಳಿಕೆ ಕೊಟ್ಟಿದ್ದಾನೆ. ಗಂಟೆ ಬಾರಿಸಿದವನು ಶಾಲೆಯ ಜವಾನ. ಹೊಳೆಯಾಚೆ ಸುಣ್ಣದ ಗೂಡಿನಲ್ಲಿ ಅಡಗಿದ್ದಾನೆ. ಹೇಳಿಕೆ ಕೊಟ್ಟವನನ್ನು ಅಂದೇ ಬಿಡಲಾಗಿದೆ. ಕೆಳಗೆ ಬೇರೆ ಶಾಯಿಯಲ್ಲಿ ಜವಾನನ ಹೆಸರು, ಅವನ ಅಪ್ಪನ ಹೆಸರು, ವಯಸ್ಸು ಐವತ್ತೆರಡು, ಎಡಗಾಲು ಕುಂಟು, ಸೆರೆಯಾದ ತಾರೀಕು. ಅದರ ಕೆಳಗೆ ಇನ್ನೂ ತೆಳುವಾಗಿ, ಏಳು ತಿಂಗಳ ನಂತರ ಸೆರೆಮನೆಯಲ್ಲಿ ತೀರಿಕೊಂಡ. ತಾನಾಗಿ ಎಂಬ ಮಾತನ್ನು ಅವಳು ಬಹಳ ಹೊತ್ತು ನೋಡಿದ್ದಳು. ಆ ಪುಸ್ತಕದಲ್ಲಿ ಎಲ್ಲರೂ ತಾವಾಗಿಯೇ ಹೇಳುತ್ತಿದ್ದರು. ಆದರೆ ಮೇಷ್ಟ್ರ ಹೆಸರು, ತಂದೆಯ ಹೆಸರು, ಊರು, ಎಲ್ಲವೂ ಅತ್ತೆ ಆಸ್ಪತ್ರೆಯ ಮಂಚದಲ್ಲಿ ತೊದಲುತ್ತ ಹೇಳಿಕೊಳ್ಳುತ್ತಿದ್ದವೇ. ಮದುವೆಯಾದ ವರ್ಷ ಅವಳು ಕೆಲಸಕ್ಕೆ ಹೋಗುತ್ತೇನೆಂದಾಗ ಗಂಡ ಮುಖ ಸಿಂಡರಿಸಿದ್ದ. ಅತ್ತೆ ಮಗನನ್ನು ಅಡುಗೆಮನೆಗೆ ಕರೆದು, ನಾನು ಯಾರ ಮಗಳು ಗೊತ್ತೇನೋ, ಓದೋ ಹೆಣ್ಣಿಗೆ ಅಡ್ಡ ನಿಂತೋರಲ್ಲ ನಾವು ಎಂದಿದ್ದರು. ಮೊದಲ ಬಸುರು ನಿಲ್ಲದೆ ಹೋದಾಗ ಹತ್ತು ದಿನ ಅವಳ ಪಕ್ಕದಲ್ಲೇ ಮಲಗಿದವರು. ಅವಳು ಓದಲಾಗದು ಒತ್ತಿದಳು. ಪಕ್ಕದ ಸೀಟಿನವಳು ಪರದೆಯ ಕಡೆ ನೋಡದೆ ಹೌದು ಒತ್ತಿದಳು. "ಹದಿನೇಳಕ್ಕೆ ಓದೋಕಾಗ್ಲಿಲ್ಲ ಅಂದ್ರೆ ಬರೆದವನಿಗೂ ಆಗಲ್ಲ ಬಿಡಿ," ಎಂದಿದ್ದಳು. ಒಂದು ಕ್ಷಣದ ಕೆಲಸ. ಆಮೇಲೆ ಇನ್ನೂರ ಹದಿಮೂರನೇ ಪುಟ ಬಂತು, ಅದರಲ್ಲಿ ಒಂದು ಕಳುವಾದ ಎಮ್ಮೆ.

ಆಗ ಅವಳಿಗೆ ಮೇಷ್ಟ್ರು ಮಾತ್ರ ಕಂಡಿದ್ದರು. ಮೇಷ್ಟ್ರನ್ನು ಮುಚ್ಚಿದ ಕೈಯೇ ಜವಾನನನ್ನೂ ಮುಚ್ಚಿತು ಎಂದು ಹೊಳೆದದ್ದು ಹೋದ ತಿಂಗಳ ಪೋಷಕರ ಸಭೆಯಲ್ಲಿ. ಟೀಚರು ಅವಳನ್ನು ಎದ್ದು ನಿಲ್ಲಿಸಿ, "ಇವ್ರೇ ನೋಡಿ, ಆ ಕಚೇರೀಲಿ ಹಳೇ ಅಕ್ಷರ ಓದೋರು. ಇವ್ರಿಂದಾನೇ ನಮ್ಮ ಮಕ್ಕಳಿಗೆ ಇವತ್ತು ಹುಡುಕೋಕಾಗ್ತಿರೋದು," ಎಂದರು. ಇಪ್ಪತ್ತು ಜನ ಅಪ್ಪ ಅಮ್ಮಂದಿರು ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತು ಚಪ್ಪಾಳೆ ತಟ್ಟಿದರು. ಅವಳು ಕೈ ಎಲ್ಲಿಡುವುದೆಂದು ತಿಳಿಯದೆ ಬೆಂಚಿನ ಅಂಚು ಹಿಡಿದುಕೊಂಡಳು. ಅಲ್ಲಿ ಯಾರೋ ಅಂಟಿಸಿದ್ದ ಚೂಯಿಂಗ್ ಗಮ್ಮು ಬೆರಳಿಗೆ ಹತ್ತಿತು. ಮನೆಗೆ ಬರುವವರೆಗೂ ಹೆಬ್ಬೆರಳಿಂದ ಅದನ್ನು ತಿಕ್ಕುತ್ತಲೇ ಇದ್ದಳು. ಮರುದಿನದಿಂದ ಮಗಳು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹುಡುಕಿ ಬಂದು ದಿನವೂ ವರದಿ ಒಪ್ಪಿಸಿದಳು. ಜವಾನ ಎಂದು ಹೊಡೆದೆ, ಇಲ್ಲ. ಗಂಟೆ ಎಂದು ಹೊಡೆದೆ, ದೇವಸ್ಥಾನದ್ದೆಲ್ಲ ಬಂತು. ಏನೂ ಸಿಗ್ತಿಲ್ಲಮ್ಮ, ಏನ್ಮಾಡ್ಲಿ? ಅವಳು ಬಟ್ಟೆ ಮಡಚುತ್ತಲೋ ಪಾತ್ರೆ ತಿಕ್ಕುತ್ತಲೋ, ಎಂದೂ ಹೇಳುವ ಮಾತನ್ನೇ ಹೇಳಿದ್ದಳು. ಹುಡುಕಿದ್ರೆ ಸಿಗ್ಲಿಲ್ಲ ಅಂದ್ರೆ ಪುಸ್ತಕ ತೆಗೆದು ಒಂದೊಂದೇ ಪುಟ ತಿರುಗಿಸ್ಬೇಕು ಮರಿ. ಹೇಳಿದ ಮೇಲೆ ಕೈಯಲ್ಲಿದ್ದ ಪಾತ್ರೆಯನ್ನು ನೋಡುತ್ತ ನಿಂತಿದ್ದಳು. ಬಾಯಿಗೆ ರೂಢಿಯಾದ ಒಳ್ಳೆಯ ಮಾತು ತಾನೇ ಹೊರಗೆ ಬಂದುಬಿಟ್ಟಿತ್ತು. ಆ ಓರೆ ಅಕ್ಷರ ಓದುವುದನ್ನು ಮಗಳಿಗೆ ಕಲಿಸಿದವಳೂ ಅವಳೇ. ಕಚೇರಿಯ ರದ್ದಿ ಹಾಳೆ ತಂದು, ರಜೆಯಲ್ಲಿ, ಆಟದ ಹಾಗೆ.

"ಏನ್ರೀ ಹದಿನೇಳು, ಮುಖ ಹಿಂಡಿದ ಬಟ್ಟೆ ಆಗಿದೆ," ಎಂದಳು ಪಕ್ಕದ ಸೀಟಿನವಳು, ಬ್ಯಾಗಿನಿಂದ ಡಬ್ಬಿ ತೆಗೆದಿಡುತ್ತ.

"ನಿದ್ದೆ ಇಲ್ಲ."

"ಗಂಡ ಬೆಳಗಿನ ಪಾಳಿ, ಅತ್ತೆ ಮಂಚದಲ್ಲಿ, ಮಗಳು ಲಾಯರು. ನಿದ್ದೆಗೆ ರಜಾಚೀಟಿ ಬರೆದುಕೊಡ್ಬೇಕು ನೀವು."

ಅವಳು ಕಂಪ್ಯೂಟರು ತೆರೆದಳು. ಮೇಲಿನ ಮೂಲೆಯಲ್ಲಿ ಕೆಂಪು ಚುಕ್ಕೆ. ಅದು ಹೊರಗಿನವರು ಕಳಿಸುವ ತಿದ್ದುಪಡಿ ಕೋರಿಕೆ, ಯಾರ ಪುಟವೋ ಅವರಿಗೇ ಬರುತ್ತದೆ. ಎರಡು ದಿನ ಅವಳು ಅದನ್ನು ತೆರೆದಿರಲಿಲ್ಲ. ಯಾರೋ ತಮ್ಮ ಅಜ್ಜನ ಹುಟ್ಟಿದ ವರ್ಷ ತಪ್ಪಾಗಿದೆ ಎಂದಿರುತ್ತಾರೆ ಎಂದುಕೊಂಡಿದ್ದಳು. ಅಥವಾ ಹಾಗೆ ಅಂದುಕೊಳ್ಳಲು ಇಷ್ಟಪಟ್ಟಿದ್ದಳು. ಒತ್ತಿದಳು. ಇನ್ನೂರ ಹನ್ನೆರಡನೇ ಪುಟದ ಚಿತ್ರ ಬಂತು, ಪಕ್ಕದಲ್ಲಿ ನಾಲ್ಕು ಸಾಲು.

"ಮಾನ್ಯರೇ, ಈ ಪುಟವನ್ನು ಓದಬಹುದು. ನಾನು ಓದಿದೆ. ದಯವಿಟ್ಟು ಇನ್ನೊಂದು ಸಲ ನೋಡಿ. ನಿಧಾನವಾಗಿ ನೋಡಿದರೆ ಕಾಣುತ್ತದೆ."

ಕೆಳಗೆ ಶಾಲೆಯ ಹೆಸರು, ಆರನೇ ತರಗತಿ. ಕಳಿಸಿದವರ ಹೆಸರಿನ ಜಾಗ ಖಾಲಿ. ನಿಧಾನವಾಗಿ ನೋಡಿದರೆ ಕಾಣುತ್ತದೆ ಎನ್ನುವುದು ಅವಳದೇ ಮಾತು. ನೆಲದ ಮೇಲೆ ರದ್ದಿ ಹಾಳೆ ಹರಡಿಕೊಂಡು ಎಷ್ಟು ಸಲ ಹೇಳಿದ್ದಾಳೋ. ಇನ್ನೂರ ಹನ್ನೊಂದು ಪುಟ ತಿರುಗಿಸಿದ ಮೇಲೆ ಮಗು ಇದನ್ನು ಕಂಡಿದೆ. ಜವಾನನನ್ನು ಕಂಡಿದೆ, ಗೋಡೆಯ ಫೋಟೋದ ತಾತನನ್ನು ಕಂಡಿದೆ, ಕೆಳಗೆ ಹದಿನೇಳನ್ನು ಕಂಡಿದೆ. ಕಂಡು, ಮನೆಗೆ ಬಂದು, ಅಜ್ಜಿಗೆ ಕೇಳದ ಹಾಗೆ, ಅಮ್ಮನಿಗೆ ಮುಖ ಕೆಡದ ಹಾಗೆ, ಮಾನ್ಯರೇ ಎಂದು ಅರ್ಜಿ ಬರೆದು ಕಾದಿದೆ. ಒಂದು, ಎರಡು, ಮೂರು ದಿನ. ಅವಳಿಗೆ ಎದ್ದು ಹೋಗಿ ನೀರು ಕುಡಿಯಬೇಕೆನಿಸಿತು, ಏಳಲಾಗಲಿಲ್ಲ. ಹನ್ನೊಂದು ವರ್ಷದ ಮಗು ತನ್ನ ಮರ್ಯಾದೆ ಕಾಯುತ್ತಿದೆ. ಅದಕ್ಕೆ ಹಾಲು ಹಲ್ಲು ಇನ್ನೂ ಒಂದಿದೆ, ಎಡಗಡೆ, ಅಲ್ಲಾಡುತ್ತಿದೆ.

ಅವಳು ಟೈಪು ಮಾಡಲು ಶುರುಮಾಡಿದಳು. ಜವಾನನ ಹೆಸರು, ಅಪ್ಪನ ಹೆಸರು, ಐವತ್ತೆರಡು. ಎಡಗಾಲು ಕುಂಟು. ಕುಂಟುಗಾಲಿನಲ್ಲಿ ಹೊಳೆ ಹೇಗೆ ದಾಟಿದನೋ, ಯಾರು ದಾಟಿಸಿದರೋ, ಸುಣ್ಣದ ಗೂಡಿನಲ್ಲಿ ಕಣ್ಣು ಎಷ್ಟು ಉರಿದಿರಬೇಕು. ಬೆರಳುಗಳು ಸರಾಗವಾಗಿ ಓಡಿದವು, ಮೂರು ದಿನದ ಆಯಾಸ ಎಲ್ಲೋ ಸರಿದ ಹಾಗಿತ್ತು. ಆಮೇಲೆ ಆ ಜಾಗ ಬಂತು: ಹೇಳಿಕೆ ಕೊಟ್ಟವರು. ಖಾಲಿ ಬಿಟ್ಟರೆ ಪುಟ ದಾಖಲಾಗುವುದಿಲ್ಲ, ಕೆಂಪಾಗಿ ಮಿನುಗುತ್ತದೆ. ಬೇರೇನಾದರೂ ಬರೆದರೆ ಪಕ್ಕದಲ್ಲೇ ಚಿತ್ರವಿದೆ, ಮುತ್ತು ಪೋಣಿಸಿದ ಅಕ್ಷರದಲ್ಲಿ. ಅವಳು ಮೇಷ್ಟ್ರ ಹೆಸರಿನ ಮೊದಲ ಅಕ್ಷರ ಒತ್ತಿ ನಿಂತಳು. ಈ ಹೆಸರನ್ನೇ ಅತ್ತೆ ಸೊಟ್ಟಗಾದ ಬಾಯಿಯಲ್ಲಿ ಮೊದಲು ಹೇಳಲು ಕಲಿತಿದ್ದು. ಆಸ್ಪತ್ರೆಯ ಡಾಕ್ಟರು ನಿಮ್ಮ ಹೆಸರೇನು ಎಂದು ಕೇಳಿದರೆ ತಮ್ಮ ಹೆಸರು ಬರದೆ, ಅಪ್ಪನ ಹೆಸರು ಹೇಳಿ, ಅವರ ಮಗಳು ಎಂದಿದ್ದರು. ಟೀಚರು ಹಾಳೆಯನ್ನು ಗೋಡೆಗೆ ಹಚ್ಚುತ್ತಾರೆ. ಬೀದಿಯವರ ಮಕ್ಕಳು ಓದುತ್ತಾರೆ. ಮಗಳನ್ನು ಅವರೆಲ್ಲ ಏನೆಂದು ಕರೆಯಬಹುದು? ಯಾರಾದರೂ ಪಾಪದವರು, ಕೆಟ್ಟವರಲ್ಲದವರು, ಹಣ್ಣು ತೆಗೆದುಕೊಂಡು ಅತ್ತೆಯನ್ನು ನೋಡಲು ಬಂದು, ಸಂಕಟದಿಂದ ಹೇಳುತ್ತಾರೆ.

"ಹದಿನೇಳನೆಯವರೇ." ಮೇಲ್ವಿಚಾರಕರು ಹಿಂದೆ ನಿಂತಿದ್ದರು, ಕೈಯಲ್ಲಿ ಕಾಫಿ ಲೋಟ. "ನಿಮ್ಮ ಹತ್ರ ಒಂದು ಕೋರಿಕೆ ಮೂರು ದಿನದಿಂದ ಕೂತಿದೆ. ನಿಮ್ಮದೆಂದೂ ಹೀಗೆ ನಿಂತಿದ್ದು ನೋಡಿಲ್ಲ."

"ಈಗ ಮುಗಿಸ್ತೀನಿ ಸರ್."

"ಏನಂತೆ?" ಅವರು ಬಗ್ಗಿದರು. ಅವಳ ಕೈ ತಾನಾಗಿ ಮೌಸಿನ ಮೇಲೆ ಹೋಗಿ ಪುಟದ ಚಿತ್ರವನ್ನು ಕೆಳಕ್ಕೆ ಸರಿಸಿತು. "ಓ, ಸ್ಕೂಲ್ ಮಕ್ಕಳಾ? ಅವಕ್ಕೆ ಮೋಡದಲ್ಲೂ ಆನೆ ಕಾಣುತ್ತೆ. ಬದಲಾವಣೆ ಬೇಕಿಲ್ಲ ಅಂತ ಹಾಕಿ ಕಳಿಸಿ. ನಿಮ್ಮ ಕಣ್ಣಿಗಿಂತ ಅವ್ರ ಕಣ್ಣು ದೊಡ್ಡದಾ?"

ಪಕ್ಕದ ಸೀಟಿನವಳು ನಕ್ಕಳು. ಅವಳೂ ನಕ್ಕಳು. ನಗುತ್ತಿದ್ದಾಗಲೇ ಒತ್ತಿದಳು. ಟೈಪು ಮಾಡಿದ್ದೆಲ್ಲ ಅಳಿಸಿಹೋಯಿತು. ಜವಾನ, ಅವನಪ್ಪ, ಐವತ್ತೆರಡು, ಕುಂಟುಗಾಲು. "ಮರುಪರಿಶೀಲಿಸಲಾಗಿದೆ. ಬದಲಾವಣೆ ಬೇಕಿಲ್ಲ. ಹದಿನೇಳು." ಅದು ಈಗ ಶಾಲೆಯ ಕಂಪ್ಯೂಟರಿಗೆ ಹೋಗಿ ಕೂತಿರುತ್ತದೆ. ಹನ್ನೊಂದು ಗಂಟೆ. ಮಗಳ ಕಂಪ್ಯೂಟರ್ ಪೀರಿಯಡ್ಡು ಊಟವಾದ ಮೇಲೆ. ಮೇಲ್ವಿಚಾರಕರು ಕಾಫಿ ಹೀರುತ್ತ ಮುಂದಿನ ಸೀಟಿಗೆ ಹೋದರು. ಯಾರೂ ಅವಳನ್ನು ಮೂರು ದಿನ ಕೂಡಿಹಾಕಿರಲಿಲ್ಲ. ಯಾರೂ ಹೊಡೆದಿರಲಿಲ್ಲ. ಒಂದು ಲೋಟ ಕಾಫಿ ಹಿಡಿದ ಮನುಷ್ಯ, ಒಳ್ಳೆಯವನೇ, ಹೊಗಳಿ ಹೋಗಿದ್ದ. ಮಧ್ಯಾಹ್ನ ಡಬ್ಬಿ ತೆರೆದು, ಮುಚ್ಚಿ, ತಲೆನೋವೆಂದಳು. ಎರಡೂವರೆಗೆ ಗೋಡೆಯ ಗಡಿಯಾರ ನೋಡಿದಳು. ಎರಡೂ ಮುಕ್ಕಾಲಿಗೆ ಮತ್ತೆ.

ಮನೆಗೆ ಬಂದಾಗ ಬಿಸಿಲು ಇನ್ನೂ ಹಿತ್ತಿಲಲ್ಲಿತ್ತು. ಚಪ್ಪಲಿ ಬಿಟ್ಟು, ಗುರುತಿನ ಚೀಟಿಯನ್ನು ಮೊಳೆಗೆ ಹಾಕಲು ಕೈ ಎತ್ತಿ, ಹಾಕದೆ, ಮಡಚಿ ಬ್ಯಾಗಿನೊಳಗೆ ಇಟ್ಟಳು. ಊಟದ ಮೇಜಿನ ಮೇಲೆ ಮಗಳ ಹಾಳೆ ಇತ್ತು. ನಾಳೆ ಕೊಡಬೇಕಾದದ್ದು. ಮೊದಲ ಸಾಲಿನಲ್ಲಿ, ಜವಾನ ಗಂಟೆ ಬಾರಿಸಿದ, ಪಕ್ಕದಲ್ಲಿ ಅಜ್ಜಿ. ಎರಡನೆಯದರಲ್ಲಿ, ಗಂಟೆ ಕಂಚಿನದು, ಪಕ್ಕದಲ್ಲಿ ನಾನೇ ನೋಡಿದೆ. ಮೂರನೇ ಸಾಲಿನಲ್ಲಿ, ಅವನು ಆಮೇಲೆ ಏನಾದ ಎನ್ನುವಲ್ಲಿ, ಎರಡೂ ಕಾಲಮು ಖಾಲಿ. ಆದರೆ ಅಲ್ಲಿ ಏನೋ ಬರೆದು ಉಜ್ಜಲಾಗಿತ್ತು. ಎಷ್ಟು ಸಲ ಉಜ್ಜಿದೆಯೋ, ಕಾಗದ ತೆಳ್ಳಗಾಗಿ ಕೆಳಗಿನ ಮೇಜಿನ ಬಣ್ಣ ಕಾಣುತ್ತಿತ್ತು. ಅವಳು ಹಾಳೆಯನ್ನು ಎತ್ತಿ ಓರೆಯಾಗಿ ಹಿಡಿದಳು. ನಿಧಾನವಾಗಿ ನೋಡಿದರೆ ಕಾಣುತ್ತಿತ್ತೇನೋ. ನೋಡದೆ ಇಟ್ಟಳು.

"ಬಂದ್ಯೇನಮ್ಮ?" ಅತ್ತೆ ಕೋಣೆಯಿಂದ ಕೇಳಿದರು. "ಲಾಯರಮ್ಮ ಬಂದಾಗಿಂದ ಹಿತ್ತಲಲ್ಲೇ ಕೂತಿದಾಳೆ. ಹಾಲೂ ಕುಡೀಲಿಲ್ಲ. ಸ್ಕೂಲಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ ಕೇಳು."

"ಕೇಳ್ತೀನಿ ಅತ್ತೆ. ನಿಮ್ಮ ಹಾಸಿಗೆ ಹಾಕ್ಕೊಡ್ತೀನಿ, ತಡೀರಿ. ಬೆಡ್‌ಶೀಟು ಒಣಗಿದೆಯೋ ನೋಡ್ತೀನಿ."

"ಅವಸರ ಏನಿಲ್ಲ. ನೀನು ಒಂದು ಗಳಿಗೆ ಕೂತ್ಕೊ ಮೊದ್ಲು. ಬೆಳಗ್ಗಿಂದ ನಿಂತೇ ಇದ್ದೀಯ."

ಅವಳು ಕೂರಲಿಲ್ಲ. ಹಿತ್ತಿಲಿಗೆ ಹೋದಳು. ಮಗಳು ಒಗೆಯುವ ಕಲ್ಲಿನ ಮೇಲೆ ಕೂತು ನಾಲಿಗೆಯಿಂದ ಅಲ್ಲಾಡುವ ಹಲ್ಲನ್ನು ತಳ್ಳುತ್ತಿದ್ದಳು. ಅಮ್ಮನನ್ನು ಕಂಡು ಎದ್ದಳು. ಅಮ್ಮ ತಂತಿಯಿಂದ ಬೆಡ್‌ಶೀಟು ಎಳೆದುಕೊಂಡಳು. ಬಿಸಿಲಿಗೆ ಗರಿಗರಿಯಾಗಿತ್ತು, ಸೋಪಿನ ವಾಸನೆ. ಹೇಳದೆಯೇ ಮಗಳು ಬಂದು ಎರಡು ಮೂಲೆ ಹಿಡಿದಳು, ಅವಳು ಎರಡು ಮೂಲೆ. ದೂರ ಸರಿದು, ಎಳೆದು, ಸುಕ್ಕು ಬಿಡಿಸಿದರು. ಉದ್ದಕ್ಕೆ ಒಂದು ಮಡಿಕೆ. ಇನ್ನೊಂದು. ಈಗ ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು. ಅವಳು ಎರಡು ಹೆಜ್ಜೆ ಇಟ್ಟಳು. ಮಗಳೂ ಎರಡು ಹೆಜ್ಜೆ ಇಟ್ಟಳು. ಅತ್ತೆಯ ಕೋಣೆಯ ಕಿಟಕಿ ತೆರೆದೇ ಇತ್ತು. ಮಗಳು ಒಮ್ಮೆ ಆ ಕಡೆ ನೋಡಿದಳು, ಆಮೇಲೆ ನೋಡಲಿಲ್ಲ. ಮುಖ ಎತ್ತಿ ಅಮ್ಮನ ಕಣ್ಣನ್ನೇ ನೇರವಾಗಿ ನೋಡುತ್ತ ತನ್ನ ಮೂಲೆಗಳನ್ನು ಅವಳ ಕೈಗೆ ತಂದಿಟ್ಟಳು. ಅಮ್ಮ ಹಿಡಿದ ಮೇಲೂ ಕೈ ಬಿಡಲಿಲ್ಲ. ಬಟ್ಟೆಯ ಮಡಿಕೆಯೊಳಗೆ ಸಣ್ಣ ಬೆರಳುಗಳು ಬೆಚ್ಚಗಿದ್ದವು. ಮಗುವಿನ ಮುಖದಲ್ಲಿ ಸಿಟ್ಟಿರಲಿಲ್ಲ. ಹೂಂ ಎಂದರೆ ನಂಬಿಬಿಡುತ್ತೇನೆ ಎನ್ನುವ ಹಾಗೆ, ನಂಬಲು ಆಗಲೇ ಸಿದ್ಧವಾಗಿ ದಣಿದ ಹಾಗೆ ಇತ್ತು ಅದು. ಮನೆಯಲ್ಲಿ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಮಗಳು ಕೇಳಿದಳು:

"ಅಮ್ಮ, ಆ ಪುಟ ನಿನಗೆ ನಿಜವಾಗ್ಲೂ ಓದೋಕಾಗ್ಲಿಲ್ವಾ?"